ಮಡಿಕೆ ಬದಲಿಸದ ಸೀರೆ

ಅಥವಾ ಅದು ಬೇವಿನ ಎಲೆಯ ವಾಸನೆಯೇ ಆಗಿರಲಿಲ್ಲವೇನೋ. ಅವ್ವನ ಟ್ರಂಕ್ ಎಂದಾಕ್ಷಣ ಒಣಬೇವಿನ ಕಹಿ ಮೂಗಿಗೆ ಬರುತ್ತದೆ, ಆದರೆ ಅದನ್ನು ಆಮೇಲೆ ನಾನೇ ತಂದು ಸೇರಿಸಿರಬಹುದು. ರಬಕವಿಯ ನಮ್ಮ ಮನೆ ಈಗಿಲ್ಲ. ಮಗ್ಗದ ಕುಣಿ ಮುಚ್ಚಿ ಅದರ ಮೇಲೆ ಯಾರೋ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಕೇಳೋಣವೆಂದರೆ ಸಾಕ್ಷಿಗಳೂ ಉಳಿದಿಲ್ಲ. ಬೆರಳುಗಳನ್ನು ಮಾತ್ರ ನಂಬುತ್ತೇನೆ. ಮಧ್ಯಾಹ್ನ ಮಗ್ಗ ನಿಂತ ಹೊತ್ತಿನಲ್ಲಿ ಅವ್ವ ನನ್ನ ಕಣ್ಣು ಮುಚ್ಚಿಸಿ ಮುಷ್ಟಿಯೊಳಗೆ ಬಟ್ಟೆಯ ತುಂಡು ತುರುಕುತ್ತಿದ್ದಳು. ಹತ್ತಿಯಾದರೆ ಬೆವರು ಕುಡಿದು, ಹಿಂಡಿದ ಗೆರೆ ಹಾಗೇ ಉಳಿಸಿಕೊಳ್ಳುತ್ತಿತ್ತು. ಆರ್ಟ್ ಸಿಲ್ಕ್ ಎಂಬ ನಕಲಿ ರೇಷ್ಮೆ ಜಾರುತ್ತಿತ್ತು, ಎಷ್ಟು ಹೊತ್ತು ಹಿಡಿದರೂ ತಣ್ಣಗೆ. ಅಸಲಿ ರೇಷ್ಮೆ ಎರಡು ಉಸಿರಿನಲ್ಲಿ ಬೆಚ್ಚಗಾಗುತ್ತಿತ್ತು. ತಪ್ಪು ಹೇಳಿದರೆ, "ನೇಕಾರ್ ಮನ್ಯಾಗ ಹುಟ್ಟಿ ಕೈ ಸತ್ತಾವೇನ ಬೇ?" ಎಂದು ಬೆರಳಿಗೇ ಒಂದು ಏಟು.

ವ್ಯಾಪಾರಿಗೆಂದು ನೇಯ್ದ ಅಷ್ಟೊಂದು ಸೀರೆಗಳ ನಡುವೆ ಆಕೆ ತನಗೆಂದು ನೇಯ್ದುಕೊಂಡದ್ದು ಒಂದೇ: ಗಿಣಿ ಹಸಿರು ಮೈ, ಕೆಂಪು ಸೆರಗು, ಪೂರ್ತಿ ರೇಷ್ಮೆ, ಸೆರಗಿನ ಮೂಲೆಯಲ್ಲಿ ತನ್ನ ಗುರುತಿಗೆಂದು ಹಾಕಿದ ಒಂದು ಪುಟ್ಟ ಗಂಟು. ಉಟ್ಟದ್ದಕ್ಕಿಂತ ಕಾಯ್ದದ್ದೇ ಹೆಚ್ಚು. ವರ್ಷಕ್ಕೆರಡು ಸಲ ಬಿಚ್ಚಿ, ಬಿಸಿಲು ತಾಗದ ಪಡಸಾಲೆಯಲ್ಲಿ ಗಾಳಿಗೆ ಹಾಕಿ, ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಚುತ್ತಿದ್ದಳು. ಇನ್ನೊಂದು ತುದಿ ಹಿಡಿಯುವವಳು ನಾನು. "ಮಡಿಕಿ ಬದಲಸ್ಲಿಲ್ಲಂದ್ರ ರೇಷ್ಮಿ ಮಡಿಕ್ಯಾಗ ಸಾಯ್ತೈತಿ. ನಿನ್ನ ಲಗ್ನದಾಗ ಇದನ್ನ ನೀ ಉಡಬೇಕ."

ಅವ್ವ ತೀರಿಕೊಂಡ ವಾರದೊಳಗೆ, ಜಮಖಂಡಿಗೆ ಕೊಟ್ಟಿದ್ದ ಅಪ್ಪನ ತಂಗಿ ನೀಲವ್ವ ಬಂದು ಟ್ರಂಕ್ ತೆರೆದಳು. ನನಗಾಗ ಹನ್ನೊಂದು. "ಅಣ್ಣಾ, ಇದನ್ನ ನಾ ಒಯ್ತೀನಿ. ಈಕಿ ದೊಡ್ಡಾಕಿ ಆಗೂದ್ರಾಗ ಇಲಿ ತಿಂದಿರ್ತಾವು." ಅಪ್ಪ ಗೋಡೆ ನೋಡುತ್ತ, "ಒಯ್ಯವಾ" ಅಂದ. ನಾನು ಸೆರಗು ಹಿಡಿದು ಜಗ್ಗಿದೆ. ಅತ್ತಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊರಡುವಾಗ ಅವಳೇ ಕೇಳಿದಳು: "ನಿಮ್ಮವ್ವ ಇದನ್ನ ಹ್ಯಾಂಗ ಇಡತಿದ್ಲ ಬೇ? ಬಿಸಲಿಗೆ ಹಾಕಬೇಕೇನ?"

"ಬ್ಯಾಡ್ರಿ ಅತ್ತಿ. ಬಿಚ್ಚಲೇಬಾರ್ದ. ಮಡಚಿದ್ದು ಮಡಚಿದಂಗ ಇಟ್ಟು ಮ್ಯಾಲೆ ಭಾರ ಹೇರ್ರಿ."

"ಶ್ಯಾಣ್ಯಾಕಿ ಅದಿ," ಎಂದು ಕೆನ್ನೆ ಹಿಂಡಿದಳು.

ಈ ಮಾತನ್ನು ನಿಜಕ್ಕೂ ಬಾಯಿಬಿಟ್ಟು ಆಡಿದೆನೋ, ಆಡಬೇಕಿತ್ತೆಂದು ವರ್ಷಾನುಗಟ್ಟಲೆ ಹಲ್ಲು ಕಚ್ಚಿ ಹೇಳಿಕೊಂಡೆನೋ, ಆಣೆ ಮಾಡಲಾರೆ. ಬದುಕಿದ್ದಂತೂ ಅದರ ಮೇಲೆಯೇ. ನನ್ನ ಮದುವೆಯಲ್ಲಿ ಆರ್ಟ್ ಸಿಲ್ಕ್ ಉಟ್ಟು ಬೆವರುತ್ತ ಕೂತಿದ್ದಾಗ ನೀಲವ್ವತ್ತಿ ಅಕ್ಷತೆ ಹಾಕಲು ಬಗ್ಗಿದಳು. "ಅವ್ವನ ಸೀರಿ ಛಲೋ ಐತೇನ್ರಿ ಅತ್ತಿ?" ಎಂದೆ. "ಇಟ್ಟಲ್ಲೇ ಐತಿ ಬಿಡ," ಎಂದಳು. ನನಗೆ ಅಷ್ಟು ಸಾಕಿತ್ತು. ಜಮಖಂಡಿಯ ಕಪಾಟಿನಲ್ಲಿ, ಭಾರದ ಕೆಳಗೆ, ಗೆರೆಗೆರೆಯಲ್ಲೂ ಎಳೆಗಳು ಒಂದೊಂದಾಗಿ ಕಡಿಯುತ್ತಿವೆ ಎಂದುಕೊಂಡು ತಾಳಿಗೆ ಕುತ್ತಿಗೆ ಬಾಗಿಸಿದೆ.

ಹೋದ ತಿಂಗಳು ನೀಲವ್ವತ್ತಿ ತೀರಿಕೊಂಡಳು. ಮೊನ್ನೆ ಅವಳ ಸೊಸೆ ಒಂದು ಗಂಟು ಹಿಡಿದು ಬಂದಳು. "ನಮ್ಮತ್ತಿ ಇದನ್ನ ನಿಮ್ಮ ಕೈಯಾಗೇ ಕೊಡ ಅಂದಿದ್ರರಿ. ನಾವ್ಯಾರೂ ಬಿಚ್ಚಿ ನೋಡಿಲ್ಲ." ಆಕೆ ಹೋದ ಮೇಲೆ ಬಾಗಿಲು ಹಾಕಿ ಬಿಚ್ಚಿದೆ. ಸೆರಗಿನ ಮೂಲೆಯಲ್ಲಿ ಅವ್ವನ ಗುರುತಿನ ಗಂಟು ಹಾಗೇ ಇತ್ತು, ಸೀರೆ ಅದೇ, ಆದರೆ ಮೈ ಹಸಿರಲ್ಲ, ಕಡುನೀಲಿ. ಇಷ್ಟು ವರ್ಷ ನಾನು ಕಾದದ್ದು ಇಲ್ಲದ ಬಣ್ಣವೊಂದನ್ನು. ಎತ್ತಿದೊಡನೆ ಸೀರೆ ಮಡಿಕೆ ಮಡಿಕೆಗೂ ಸೀಳಿ ಪಟ್ಟಿ ಪಟ್ಟಿಯಾಗಿ ಮಡಿಲಿಗೆ ಬಿತ್ತು. ನನಗೆ ಬಂದದ್ದು ನಗು. ಜೋರಾಗಿಯೇ ನಕ್ಕೆ. ಒಂದು ತುಂಡನ್ನು ಮುಷ್ಟಿಯಲ್ಲಿ ಹಿಡಿದೆ. ಎರಡೇ ಉಸಿರಿಗೆ ಬೆಚ್ಚಗಾಯಿತು.

ನೀಲವ್ವತ್ತಿಯೂ ಮಗ್ಗದ ಮನೆಯ ಮಗಳೇ. ರೇಷ್ಮೆಯ ಮಡಿಕೆ ಬದಲಿಸಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲವೇ? ಇದನ್ನು ನನ್ನ ಕೈಗೇ ಕೊಡಿಸಿದ್ದು ಹಿಂದಿರುಗಿಸಲೆಂದೋ, ನನ್ನ ಮಾತು ಏನು ಮಾಡಿತೆಂದು ತೋರಿಸಲೆಂದೋ, ನನಗೆ ಗೊತ್ತಿಲ್ಲ.