ಕಾಲಿದ್ದ ನಾಗಪ್ಪ

ಮೊನ್ನೆ ಬೆಳಿಗ್ಗೆ ಹೊಸಮನೆ ಬಡಾವಣೆಯ ನನ್ನ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿ, ಪಕ್ಕದ ಒಲೆಯ ಮೇಲಿದ್ದ ಕಬ್ಬಿಣದ ಕಾವಲಿಗೆ ಬಿತ್ತು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಈ ವಾಸನೆ ನನಗೆ ಗೊತ್ತು. ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ದೇವರ ಕೋಣೆಯದು. ಅಲ್ಲಿ ಹಾಲು ಸೀಯುತ್ತಿರಲಿಲ್ಲ, ಹುಳಿಯುತ್ತಿತ್ತು. ಕಬ್ಬಿಣದ ವಾಸನೆ ಮಾತ್ರ ಇದೇ...

ದೊಡ್ಡಮ್ಮ ನಮಗೆ ನೆಂಟರೇನಲ್ಲ. ಕಾರ್ಖಾನೆಯಲ್ಲಿದ್ದ ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಇದ್ದದ್ದು ಅವರು ಮತ್ತು ಒಂದು ಜಪಾನಿ ಕತ್ತಿ. ಅವರ ಮಾವ ಯುದ್ಧಕಾಲದಲ್ಲಿ ಬರ್ಮಾಕ್ಕೆ ಹೋಗಿದ್ದ ಸಿಪಾಯಿ, ಬರುವಾಗ ತಂದದ್ದು. ಕಪ್ಪು ಅರಗಿನ ಒರೆ, ಒರಟು ಮೀನಿನ ಚರ್ಮದ ಮೇಲೆ ದಾರ ಹೆಣೆದ ಹಿಡಿ, ಹಿಡಿಗೂ ಒರೆಗೂ ನಡುವೆ ಅಂಗೈಯಗಲದ ಕಬ್ಬಿಣದ ಬಿಲ್ಲೆ. ಬಿಲ್ಲೆಯ ಮೇಲೆ ಮೋಡಗಳ ನಡುವೆ ಸುರುಳಿ ಸುತ್ತಿಕೊಂಡ ಡ್ರ್ಯಾಗನ್, ಅದರ ಕಣ್ಣಿಗೆ ಚುಕ್ಕಿಯಷ್ಟು ಚಿನ್ನ.

ಮಾವ ಅದನ್ನು ಡ್ರ್ಯಾಗನ್ ಎಂದಿದ್ದರೋ ಇಲ್ಲವೋ, ದೊಡ್ಡಮ್ಮನ ಅತ್ತೆಗೆ ಕಂಡದ್ದು ನಾಗಪ್ಪ. ಆಯುಧಪೂಜೆಗೆ ವರ್ಷಕ್ಕೊಮ್ಮೆ ಹೊರಬರಬೇಕಿದ್ದ ಕತ್ತಿ ದೇವರ ಕೋಣೆಯಲ್ಲೇ ನೆಲೆಸಿತು. ಬೆಳಿಗ್ಗೆ ಬಿಲ್ಲೆಯ ಮೇಲೆ ಹಾಲು, ಸಂಜೆ ದೀಪ. ಮನೆಗೆ ಬಂದ ನಾಗನನ್ನು ಒಂದು ಸಂಜೆಯೂ ಕತ್ತಲಲ್ಲಿ ಬಿಡಬಾರದೆಂದು ಅತ್ತೆಯ ಕಟ್ಟಳೆ. ಅತ್ತೆ ಹೋದರು, ಕಟ್ಟಳೆ ಸೊಸೆಯ ಕೊರಳಿಗೆ ಬಿತ್ತು. ಶಿವಮೊಗ್ಗಕ್ಕೆ ಮದುವೆಗೆ ಹೋದರೂ ದೊಡ್ಡಮ್ಮ ಮೊದಲ ಪಂಕ್ತಿಯಲ್ಲೇ ಉಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ಬೇರೆ ಮನೆಯಲ್ಲಿ ರಾತ್ರಿ ಮಲಗಿದ್ದೇ ನೆನಪಿಲ್ಲ ಅನ್ನುತ್ತಿದ್ದರು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೂ ಗೆಲ್ಲುತ್ತಿದ್ದೆ, ವಿರೋಧ ಕೊಟ್ಟರೂ ಗೆಲ್ಲುತ್ತಿದ್ದೆ. ಆಗಲೇ ಆಯನೂರಿನಲ್ಲಿದ್ದ ದೊಡ್ಡಮ್ಮನ ತಂಗಿಗೆ ಲಕ್ವ ಹೊಡೆದು, ಅಕ್ಕ ಬಂದು ತನ್ನ ಜೊತೆ ಇರಲಿ ಎಂದು ಹೇಳಿಕಳಿಸಿದರು. ದೊಡ್ಡಮ್ಮ ಹೋಗಲಾರದೆ ಅತ್ತರು. ಈ ಕಟ್ಟಳೆಯನ್ನು ಸೋಲಿಸಿಯೇ ತೀರುತ್ತೇನೆಂದು ಅವರ ಮನೆಗೆ ಹೋದೆ. ಒಂದೇ ಸಾಕ್ಷ್ಯ ಸಾಕು ಎಂದುಕೊಂಡಿದ್ದೆ.

"ದೊಡ್ಡಮ್ಮ, ಕನ್ನಡಕ ಹಾಕ್ಕೊಂಡು ಸರಿಯಾಗಿ ನೋಡಿ. ಇದಕ್ಕೆ ಕಾಲಿದೆ, ಉಗುರೂ ಇದೆ. ಹಾವಿಗೆ ಎಲ್ಲಾದ್ರೂ ಕಾಲಿರುತ್ತಾ?"

ಅವರು ಬೆರಳಿನಿಂದ ಕುಂಕುಮ ಸರಿಸಿ ನೋಡಿದರು.

"ಹೌದಲ್ಲೇ ಮಾರಾಯ್ತಿ, ಕಾಲಿದೆ."

"ಮತ್ತೆ?"

"ಮತ್ತೇನು? ಕಾಲಿದ್ದೂ ಎದ್ದು ಹೋಗಿಲ್ಲ ನೋಡು. ನಂಗೂ ಎರಡಿದೆ. ನಾನೆಲ್ಲಿಗೆ ಹೋದೆ?"

ವಾದದ ದಾರಿ ಬದಲಿಸಿದೆ. ಆಯಿತು, ಕಟ್ಟಳೆ ಒಪ್ಪೋಣ. ಆದರೆ ನಾಗಪ್ಪ ಇರುವುದು ಬಿಲ್ಲೆಯಲ್ಲಿ ತಾನೆ? ಕತ್ತಿ ಹಿಡಿದು ಬಸ್ ಹತ್ತಿದರೆ ಪೊಲೀಸರು ಹಿಡಿಯುತ್ತಾರೆ, ಬಿಲ್ಲೆಯನ್ನು ಯಾರು ಕೇಳುತ್ತಾರೆ? ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ, ಆಯನೂರಿನಲ್ಲೇ ದೀಪ ಹಚ್ಚಿ.

ದೊಡ್ಡಮ್ಮ ಎದ್ದು ಸೀರೆಗಳನ್ನು ಮಡಿಸಿ ಬ್ಯಾಗಿಗೆ ತುಂಬತೊಡಗಿದರು. "ನಾಗಪ್ಪಂಗೂ ಟಿಕೆಟ್ ತಗೋಬೇಕೇನೇ?" ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹಿಡಿಯಲ್ಲಿದ್ದ ಬಿದಿರಿನ ಸಣ್ಣ ಮೊಳೆಯನ್ನು ತಟ್ಟಿ ತೆಗೆದೆ. ಹಿಡಿ ಎಳೆದಾಗ ಹಳೆಯ ದಾರ ಹರಿದು, ಅದರಡಿ ಅಡಗಿದ್ದ ಬೆರಳುಗುರಿನಷ್ಟು ಪುಟ್ಟ, ಅಲಂಕಾರಕ್ಕೆ ಕೂರಿಸಿದ್ದ ಲೋಹದ ಏಡಿಯೊಂದು ನೆಲಕ್ಕೆ ಬಿತ್ತು. ಹಿಡಿ ಬಂತು, ಬಿಲ್ಲೆ ಬರಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟೆವು. ನಾನು ಒರೆಯನ್ನು ಮಂಡಿಗಳ ನಡುವೆ ಅದುಮಿ ಹಿಡಿದೆ, ಅವರು ಬಿಲ್ಲೆಯನ್ನು ಎಳೆದರು. ಅಲಗನ್ನಾದರೂ ಒರೆಯಿಂದ ಹಿರಿಯೋಣವೆಂದರೆ ಅದೂ ಅಲ್ಲಾಡಲಿಲ್ಲ. ಅಷ್ಟು ವರ್ಷಗಳ ಹಾಲು ಒಳಗಿಳಿದು ಬಿಲ್ಲೆ, ಅಲಗು, ಒರೆ ಎಲ್ಲ ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಮೊದಲು ಅತ್ತೆ ಎರೆದ ಹಾಲು, ಆಮೇಲೆ ಇವರೇ ಎರೆದದ್ದು...

"ಲೇತ್ ಅಂಗಡಿಗೆ ಕೊಟ್ಟು ಕೊಯ್ಸೋಣ ದೊಡ್ಡಮ್ಮ. ಭದ್ರಾವತೀಲಿ ಕಬ್ಬಿಣ ಕೊಯ್ಯೋರಿಗೇನು ಬರವಾ?"

"ನಾಗನ್ನ ಕೊಯ್ಯೋದಾ? ಬಾಯಿ ಮುಚ್ಚೇ."

ಸಂಜೆಯಾಗಿತ್ತು. ಅವರು ಎಣ್ಣೆ ಕೈ ಒರೆಸಿಕೊಂಡು ದೀಪ ಹಚ್ಚಿದರು. ಹಿಡಿಯನ್ನು ಮೊದಲಿದ್ದ ಹಾಗೇ ಸಿಕ್ಕಿಸಿದರು. ನೆಲದ ಮೇಲಿದ್ದ ಏಡಿಯನ್ನು ಎತ್ತಿ ನನ್ನ ಅಂಗೈಗೆ ಹಾಕಿದರು.

"ತಗೋ, ಏಡಿಗೆ ಪೂಜೆ ಇಲ್ಲ. ಎಷ್ಟು ಕಾಲಿದೆ ನೋಡು ಇದಕ್ಕೆ. ಇದಾದ್ರೂ ಎಲ್ಲಿಗಾದ್ರೂ ಹೋಗ್ಲಿ."

ತಂಗಿ ಆ ಬೇಸಿಗೆಯಲ್ಲೇ ತೀರಿಕೊಂಡರು. ದೊಡ್ಡಮ್ಮ ಬೆಳಗಿನ ಬಸ್ಸಿಗೆ ಹೋಗಿ, ಮಣ್ಣು ಮುಗಿಸಿ, ಶಿವಮೊಗ್ಗದಲ್ಲಿ ಬಸ್ ಬದಲಿಸಿ, ದೀಪದ ಹೊತ್ತಿಗೆ ಮನೆಯಲ್ಲಿದ್ದರು. ಸೀರೆ ತುಂಬಿದ ಬ್ಯಾಗು ಮಂಚದ ಕೆಳಗೇ ಇತ್ತು. ಅದನ್ನು ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋದರು. ಕತ್ತಿ ಇಟ್ಟುಕೊಳ್ಳಲು ಹೆದರಿ ಮೈದುನನ ಮಕ್ಕಳು ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದರಂತೆ. ಈಗ ಅದಕ್ಕೆ ಹಾಲಿಲ್ಲ, ದೀಪವಿಲ್ಲ. ಯಾರಿಗೂ ಏನೂ ಆಗಿಲ್ಲ. ನನ್ನ ವಾದ ಸರಿಯಾಗಿಯೇ ಇತ್ತು... ಒಪ್ಪಿಕೊಳ್ಳಬೇಕಾದವರು ಇಲ್ಲ.

ಕಾವಲಿಯನ್ನು ಉಜ್ಜಿ ತೊಳೆದು, ಒಂದು ಹನಿಯೂ ಉಳಿಯದಂತೆ ಒರೆಸಿಟ್ಟೆ. ಏಡಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿದೆ. ಮನೆ ಬದಲಿಸಿದಾಗಲೆಲ್ಲ ಮೊದಲು ಅದನ್ನೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಹೋಗಲಿ ಎಂದು ಅವರು ಬಿಟ್ಟುಕೊಟ್ಟದ್ದನ್ನು ನಾನು ಎಲ್ಲಿಗೂ ಹೋಗಲು ಬಿಟ್ಟಿಲ್ಲ.