ಬೀಗ ಹಾಕಿದ ಮನೆಯ ಬ್ಯಾಟರಿ

ಚಿಕ್ಕಪ್ಪ ಸತ್ತ ನಕ್ಷತ್ರ ಸರಿಯಿಲ್ಲವೆಂದು ಗೊತ್ತಾದ ಮೇಲೆ ಅವನ ಮನೆಯನ್ನು ಆರು ತಿಂಗಳು ಬಿಟ್ಟೆವು. ರಾವಂದೂರಿನ ಸುತ್ತ ಹಾಗೆ ಬಿಟ್ಟ ಮನೆಯನ್ನು ದೂರದಿಂದಲೇ ಗುರುತಿಸಬಹುದಿತ್ತು: ಬಾಗಿಲಿಗೆ ಬೀಗ, ಅದರ ಮುಂದೆ ಅಡ್ಡ ಇಟ್ಟ ಮುಳ್ಳಿನ ಕೊಂಬೆ. ಅವಧಿ ಮುಗಿಯುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ, ಒಂದು ಚೊಂಬನ್ನೂ ಆಚೆಗೆ ತರುವಂತಿಲ್ಲ. ಚಿಕ್ಕಮ್ಮ ಉಟ್ಟ ಸೀರೆಯಲ್ಲೇ ನಮ್ಮ ಮನೆಗೆ ಬಂದಳು. ಅವಳ ಕರೆಂಟ್ ಗಾಡಿ ಒಳಗೇ ಉಳಿಯಿತು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಲೈಸೆನ್ಸ್ ಬೇಡದ ಆ ಬ್ಯಾಟರಿ ಸ್ಕೂಟರುಗಳು ಆಗಷ್ಟೇ ನಮ್ಮ ಕಡೆ ಕಾಣಿಸಿಕೊಂಡಿದ್ದವು. ಚಿಕ್ಕಮ್ಮ ಕೆರೆಯಾಚೆಯ ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಬಸ್ಸಿರಲಿಲ್ಲ. ಸಾಯುವ ದಿನ ಚಿಕ್ಕಪ್ಪ ಅದೇ ಗಾಡಿಯಲ್ಲಿ ಪಿರಿಯಾಪಟ್ಟಣಕ್ಕೆ ಹೋಗಿದ್ದ. ಬರುವಾಗ ಚಾರ್ಜ್ ಮುಗಿದು, ಕೊನೆಯ ಏರಿನಲ್ಲಿ ತಳ್ಳಿಕೊಂಡು ಬಂದು, ಪಡಸಾಲೆಯಲ್ಲಿ ನಿಲ್ಲಿಸಿ, ಎದೆ ಹಿಡಿದುಕೊಂಡು ಕೂತ. ತಳ್ಳಿಕೊಂಡು ಬಂದದ್ದನ್ನು ನಾನು ನೋಡಿದೆ ಎನಿಸುತ್ತದೆ. ಆದರೆ ಆ ದಿನ ನಾನು ಹುಣಸೂರಿನಲ್ಲಿದ್ದೆ, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಹಾಗಾದರೆ ಈ ಚಿತ್ರ ಯಾರದೋ ಬಾಯಿಂದ ಬಂದದ್ದು. ಗಾಡಿ ಖಾಲಿಯಾಗಿ ನಿಂತಿತು ಎಂಬುದಷ್ಟು ನಿಜ, ಎಲ್ಲರೂ ಅದನ್ನೇ ಹೇಳುತ್ತಿದ್ದರು.

ಆ ಆರು ತಿಂಗಳಲ್ಲಿ ನಮ್ಮ ಬ್ಯಾರನ್, ಅಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕಟ್ಟಡ, ಬೆಂಕಿ ಬಿದ್ದು ಒಳಗಿದ್ದ ಸೊಪ್ಪಿನ ಸಮೇತ ಉರಿದುಹೋಯಿತು. ಕಾದ ಕೊಳವೆಯ ಮೇಲೆ ಒಣಗಿದ ಎಲೆ ಬಿದ್ದರೆ ಯಾರ ಬ್ಯಾರನ್ನಾದರೂ ಹೊತ್ತಿಕೊಳ್ಳುತ್ತದೆ. ಅಪ್ಪ ಅದನ್ನು ಒಪ್ಪಲಿಲ್ಲ. "ಯಾರೋ ಆ ಮುಳ್ಳು ದಾಟವ್ರೆ ಕಣ್ಲಾ. ಗೊತ್ತಾಗ್ಲಿ, ಅವ್ರಿಗೆ ಐತೆ," ಅನ್ನುತ್ತಿದ್ದ. ಆಗೆಲ್ಲ ಚಿಕ್ಕಮ್ಮ ಒಲೆಯ ಮುಂದೆ ರಾಗಿಮುದ್ದೆ ತಿರುವುತ್ತಿದ್ದಳು. ತಿರುಗಿ ನೋಡುತ್ತಿರಲಿಲ್ಲ.

ಮನೆ ತೆರೆಯುವ ಹಿಂದಿನ ದಿನ ಅವಳು, "ಇನ್ಮೇಲೆ ನಾನು ಅಲ್ಲೇ ಇರ್ತೀನಿ ಭಾವ, ಕೆಲ್ಸಕ್ಕೂ ನಾನೇ ಗಾಡೀಲಿ ಓಯ್ತೀನಿ" ಅಂದಳು.

ಅಪ್ಪ ನಕ್ಕ. "ಯಾತರಲ್ಲವ್ವಾ ಓಗೀಯೆ? ಆರು ತಿಂಗ್ಳಿಂದ ಖಾಲಿ ನಿಂತದೆ ಅದು. ಓಡುದ್ರೆ ಓಗು, ನಾನ್ಯಾಕೆ ಬ್ಯಾಡ ಅನ್ಲಿ. ಓಡ್ದೆ ಓದ್ರೆ ಅಂಗನವಾಡಿ ಬುಟ್ಟು ನಮ್ಮನೇಲೇ ಇರು. ಆ ಮನೇಲಿ ಸೊಪ್ಪು ತುಂಬ್ಕತೀನಿ." ಆಮೇಲೆ ನನಗೆ: "ನಿನ್ ಮೀಟ್ರು ತಂದೀಯೇನ್ಲಾ? ನಾಳೆ ನೀನೇ ನೋಡಿ ಹೇಳು."

ಖಾಲಿ ಬ್ಯಾಟರಿಯನ್ನು ಹಾಗೆಯೇ ನಿಲ್ಲಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಒಂದೆರಡು ತಿಂಗಳಲ್ಲೇ ಒಳಗಿನ ಸೀಸದ ತಗಡುಗಳು ಬಿಳಿಚಿಕೊಳ್ಳುತ್ತವೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಕುಡಿಯುವುದಿಲ್ಲ. ಅದು ಚಿಕ್ಕಮ್ಮನಿಗೂ ಗೊತ್ತಿತ್ತು. ಗಾಡಿ ತಂದ ದಿನ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ.

ಬೆಳಿಗ್ಗೆ ಮುಳ್ಳು ತೆಗೆದರು. ಅಪ್ಪನ ಉಡಿದಾರದಲ್ಲೇ ಆರು ತಿಂಗಳು ಇದ್ದ ಬೀಗದ ಕೈಯಿಂದ ಬಾಗಿಲು ತೆರೆಯಿತು. ಶಾಸ್ತ್ರದಂತೆ ಮೊದಲು ಹಸುವನ್ನು ಒಳಗೆ ಬಿಟ್ಟರು. ಅದು ಹೊಸ್ತಿಲಲ್ಲಿ ನಿಂತು ಮೂಸಿತು, ಒಲ್ಲೆನೆಂದಿತು. ಎಳೆದ ಮೇಲೆ ಹೋಯಿತು. ಪಡಸಾಲೆಯ ಧೂಳನ್ನೆಲ್ಲ ತುಳಿದು ಸಗಣಿ ಹಾಕಿತು. ಆ ಧೂಳಿನಲ್ಲಿ ಮೊದಲೇ ಯಾವುದಾದರೂ ಹೆಜ್ಜೆ ಇತ್ತೇ, ಇಲ್ಲವೇ? ಇನ್ನು ಯಾರೂ ಹೇಳುವಂತಿರಲಿಲ್ಲ.

ಗಾಡಿಯ ಸೀಟಿನ ಮೇಲೆ ಧೂಳು ದಪ್ಪಗೆ ಕೂತಿತ್ತು. ಇಲ್ಲಿ ನನ್ನ ನೆನಪು ಎರಡು ಬಗೆಯಾಗಿ ಹೇಳುತ್ತದೆ. ಒಂದರಲ್ಲಿ ಆ ಧೂಳು ನಯವಾಗಿದೆ, ಯಾರೂ ಮುಟ್ಟಿಲ್ಲ. ಇನ್ನೊಂದರಲ್ಲಿ ಅದರ ಮೇಲೆ ಒಂದು ಅಂಗೈಯ ಗುರುತಿದೆ. ಎರಡನ್ನೂ ನಾನು ಅಷ್ಟೇ ಸ್ಪಷ್ಟವಾಗಿ ಕಾಣಬಲ್ಲೆ. ಚಾರ್ಜರ್ ಪಕ್ಕದ ನೆಲದ ಮೇಲಿತ್ತು. ಎತ್ತಿ ಬದಿಗಿಡಲು ಹೋದಾಗ ಅದು ಬೆಚ್ಚಗಿತ್ತು. ಮೇಲೆ ಗಾಜಿನ ಹೆಂಚೊಂದಿತ್ತು, ಬಿಸಿಲು ಅಲ್ಲಿಂದ ಬೀಳುತ್ತಿತ್ತು. ಅದರಿಂದಲೇ ಇರಬಹುದು. ಬಿಸಿಲು ಆ ಹೊತ್ತಿನಲ್ಲಿ ಅಲ್ಲಿಗೆ ಬೀಳುತ್ತಿತ್ತೇ ಎಂದು ನಾನು ಆಮೇಲೆ ಹೋಗಿ ನೋಡಲಿಲ್ಲ.

ಕಾಲಿಡುವ ಹಲಗೆಯನ್ನು ಬಿಚ್ಚಿದೆ. ಕೆಳಗೆ ನಾಲ್ಕು ಬ್ಯಾಟರಿಗಳು. ಯಾವುದೂ ಊದಿಕೊಂಡಿರಲಿಲ್ಲ, ತುದಿಗಳಲ್ಲಿ ಬಿಳಿ ಹುಡಿ ಇರಲಿಲ್ಲ. ಮೀಟರಿನ ಕೆಂಪು ಕಡ್ಡಿ, ಕಪ್ಪು ಕಡ್ಡಿ ಹಿಡಿದೆ. ಹನ್ನೆರಡೂಮುಕ್ಕಾಲು ವೋಲ್ಟ್. ಮೀಟರ್ ಕೆಟ್ಟಿದೆ ಎಂದುಕೊಂಡು ಎರಡನೆಯದಕ್ಕೆ ಹಿಡಿದೆ. ಅದೂ ಅಷ್ಟೇ. ನಾಲ್ಕೂ ತುಂಬಿದ್ದವು. ಹೆಡ್‌ಲೈಟ್ ಹಾಕಿ ನೋಡಿದೆ: ಅಂಕಿ ಒಂದಿಷ್ಟು ಇಳಿದು ಅಲ್ಲೇ ನಿಂತಿತು. ಗೋಡೆಯ ಮೇಲೆ ಹಾರ ಹಾಕದೆ ತೂಗುಹಾಕಿದ್ದ ಚಿಕ್ಕಪ್ಪನ ಮದುವೆ ಫೋಟೋದ ಮೇಲೆ ಬೆಳಕು ಬಿತ್ತು.

"ಸತ್ತದಾ, ಇದ್ದದಾ?" ಅಪ್ಪ ಬಾಗಿಲಿಂದ ಕೇಳಿದ.

ಸತ್ತಿದೆ ಅಂದರೆ ಚಿಕ್ಕಮ್ಮ ನಮ್ಮ ಅಡುಗೆಮನೆಯಲ್ಲೇ ಮುದುಕಿಯಾಗುತ್ತಾಳೆ. ಇದೆ ಅಂದರೆ ಅಪ್ಪನ ಲೆಕ್ಕದಲ್ಲಿ ಮುಳ್ಳು ದಾಟಿದವಳು ಅವಳೇ, ಬ್ಯಾರನ್ ಸುಟ್ಟವಳೂ ಅವಳೇ. ಅವಳ ಮುಖ ನೋಡಿದೆ. ಅವಳು ಫೋಟೋ ನೋಡುತ್ತಿದ್ದಳು. ನಾನು ಏನನ್ನೂ ನಿರ್ಧರಿಸುವ ಮೊದಲೇ ಬೆಳಕು ಎಲ್ಲರಿಗೂ ಕಂಡುಬಿಟ್ಟಿತ್ತು.

"ತುಂಬೈತೆ," ಅಂದೆ.

"ಯಾರ್ಲಾ ಚಾರ್ಜ್ ಹಾಕ್ದೋರು?" ಅಪ್ಪನ ಕಣ್ಣು ಅವಳ ಮೇಲೆ ನಿಂತಿತು. "ನೀನೇನವ್ವಾ?"

"ಬೀಗದ ಕೈ ನಿಮ್ಮತ್ರನೇ ಇತ್ತಲ್ಲ ಭಾವ. ಹಿಂದ್ಲು ಬಾಕ್ಲು ಒಳಗಿಂದ ಅಗ್ಣಿ ಹಾಕೈತೆ, ನೋಡ್ಕಳಿ."

ಅಪ್ಪ ಹೋಗಿ ನೋಡಿ ಬಂದ. ಅಗುಳಿ ಹಾಕಿಯೇ ಇತ್ತು.

ಆಗ ಅಜ್ಜಿ, ಚಿಕ್ಕಪ್ಪನನ್ನು ಹೆತ್ತವಳು, ಜಗಲಿಯಿಂದಲೇ ಅಂದಳು: "ಇನ್ಯಾರ್ಲಾ? ಅವ್ನೇ. ಎಂಡ್ತಿ ಗಾಡೀನ ಖಾಲಿ ತಂದು ನಿಲ್ಸಿದ್ನಲ್ಲ, ಜೀವ ತಡೀನಿಲ್ಲ ಅವ್ನಿಗೆ. ಸತ್ಮೇಲಾದ್ರೂ ಬುದ್ಧಿ ಬಂತು ಬುಡು."

ಯಾರೋ ನಗಲು ಹೋಗಿ ನಿಲ್ಲಿಸಿದರು. ಗಾಡಿಯ ಹ್ಯಾಂಡಲ್ ಮೇಲೆ ಕೈಯೂರಿದ್ದ ಅಪ್ಪ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಚಿಕ್ಕಮ್ಮ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅಂಗೈಯ ಗುರುತು ಇದ್ದಿದ್ದರೆ ಅದೂ ಆಗಲೇ ಹೋಯಿತು.

ಅವಳೇ ಹೋಗಿದ್ದಳು ಎಂದು ಓದುವವರಿಗೆ ಅನಿಸುತ್ತದೆ, ನನಗೂ ಹಗಲಲ್ಲಿ ಹಾಗೆಯೇ ಅನಿಸುತ್ತದೆ. ಹೆಂಚು ಸರಿಸಿ ಇಳಿದಳೇ? ಆರು ತಿಂಗಳೂ ಅವಳು ನನ್ನ ತಾಯಿಯ ಪಕ್ಕದಲ್ಲಿ ಮಲಗುತ್ತಿದ್ದಳು, ಅಂಗನವಾಡಿಗೆ ಅಪ್ಪನ ಬೈಕಿನ ಹಿಂದೆ ಕೂತು ಹೋಗಿ ಅವನ ಜೊತೆಯೇ ಬರುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಒಮ್ಮೆ ಅವಳನ್ನೇ ಕೇಳಿದೆ. "ನೀನೇ ಅಲ್ವೇನೋ ಹಾಕಿದ್ದು? ನಾನು ಅಂಗೇ ಅನ್ಕಂಡಿದ್ದೆ ಕಣೋ," ಅಂದಳು. ತಮಾಷೆಯ ಮುಖವಾಗಿರಲಿಲ್ಲ.

ಅಪ್ಪ ಆ ಮನೆಗೆ ಸೊಪ್ಪು ತುಂಬಲಿಲ್ಲ. ಅಂದೇ ಅವಳು ಅಲ್ಲಿ ಒಲೆ ಹಚ್ಚಿದಳು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಳು. ಅಪ್ಪ ರಸ್ತೆಯ ನಡುವೆ ನಿಂತು ಯಾರನ್ನೋ ಬೈಯುತ್ತಿದ್ದ. ಗಾಡಿಗೆ ಸದ್ದೇ ಇಲ್ಲವಲ್ಲ, ಬಂದದ್ದು ತಿಳಿಯಲಿಲ್ಲ. ತಿರುಗಿದವನು ಮಾತು ಅರ್ಧಕ್ಕೇ ಬಿಟ್ಟು ಚರಂಡಿಯ ಕಡೆಗೆ ಸರಿದ. ಅವಳು ತಲೆ ತಗ್ಗಿಸಿ ಮುಂದೆ ಹೋದಳು. ಅಪ್ಪ ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಹಿಂದಿನ ಖಾಲಿ ಸೀಟನ್ನು.