ಬಲಗಣ್ಣು ಮತ್ತು ಉಪ್ಪಿನಾಗರದ ಹಕ್ಕಿಗಳು

ಬೈನಾಕ್ಯುಲರ್‌ನ ಗಾಜಿಗೆ ಮಸಿ ಹತ್ತಿದೆ ಎಂದುಕೊಂಡೆ. ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಡಿಸೆಂಬರಿನ ಒಂದು ಭಾನುವಾರ. ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಿಂದ ಬಸ್ಸು ಹಿಡಿದು ನಾನು, ಯಜಮಾನರು, ಮಗಳು ಆಶಾ, ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ವಡಾಲದ ಉಪ್ಪಿನಾಗರಕ್ಕೆ ಬಂದಿದ್ದೆವು. ಚಳಿಗಾಲದಲ್ಲಿ ಅಲ್ಲಿ ಹಕ್ಕಿಗಳು ಹಿಂಡುಗಟ್ಟಿ ಇಳಿಯುತ್ತವೆ. ವಾರವೆಲ್ಲ ಫೋರ್ಟಿನ ಬ್ಯಾಂಕಿನಲ್ಲಿ ದುಡಿಯುವ ನನಗೆ ಅದೊಂದೇ ಹುಚ್ಚು. ಅವರಿಬ್ಬರೂ ನನಗಾಗಿ ಬರುತ್ತಿದ್ದರು, ಅಷ್ಟೆ.

ಬಲಗಣ್ಣಿನ ಅಂಚಿನಲ್ಲಿ ಏನೋ ಮಿಂಚಿತು. ಹಕ್ಕಿ ಹಾರಿತೆಂದು ತಿರುಗಿದೆ. ಏನೂ ಇರಲಿಲ್ಲ.

ಮರುದಿನ ಲೋಕಲ್ ರೈಲಿನಲ್ಲಿ ಎಡಗಣ್ಣು ಮುಚ್ಚಿ ನೋಡಿದೆ. ಎದುರು ಕೂತ ಹೆಂಗಸಿಗೆ ಮುಖವಿತ್ತು, ಮಡಿಲಿರಲಿಲ್ಲ. ಕಪ್ಪು ಪರದೆಯೊಂದು ಕೆಳಗಿನಿಂದ ಮೇಲೇರುತ್ತಿತ್ತು.

ಕಣ್ಣಿನ ಡಾಕ್ಟರ್ ಡ್ರಾಪ್ಸ್ ಹಾಕಿ ಬಹಳ ಹೊತ್ತು ನೋಡಿದರು. “ರೆಟಿನಾ ಡಿಟ್ಯಾಚ್ ಆಗಿದೆ. ಕಣ್ಣಿನ ಒಳಪದರ ಕಳಚಿಕೊಂಡಿದೆ.”

“ಮನೆಗೆ ಹೋಗಿ ಮಗಳಿಗೆ ಹೇಳಿ ಬರ್ತೀನಿ ಡಾಕ್ಟ್ರೇ.”

“ಮನೆಗೆ ಹೋಗೋ ಹಾಗಿಲ್ಲ. ಇವತ್ತೇ ಅಡ್ಮಿಟ್.”

ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಬ್ಯಾಂಡೇಜ್. ತಲೆ ಅಲ್ಲಾಡಿಸಕೂಡದು. ಕೂತಲ್ಲಿ ಕೂರಲಾರದ ನಾನು ಮರದ ದಿಮ್ಮಿಯಂತೆ ಬಿದ್ದುಕೊಂಡು, ಟ್ರಾಲಿಯ ಸದ್ದಿಗೆ, ಹೊರಗಿನ ಬಸ್ಸಿನ ಹಾರ್ನಿಗೆ ಕಿವಿಗೊಡುತ್ತ, ಆಶಾ ಟಿಫಿನ್ ಒಯ್ದಳೋ ಇಲ್ಲವೋ, ಕಣ್ಣಿಲ್ಲದಿದ್ದರೆ ಬ್ಯಾಂಕಿನ ಕೆಲಸದ ಗತಿಯೇನು ಎಂದು ಕುದಿಯುತ್ತಿದ್ದೆ. ಬೆರಳುಗಳು ಚಾದರವನ್ನು ಹಿಂಡುತ್ತಲೇ ಇದ್ದವು. ಒಂದು ಮಧ್ಯಾಹ್ನ ತಡೆಯಲಾರದೆ ಬಲಗಣ್ಣಿನ ಬ್ಯಾಂಡೇಜಿನ ಅಂಚು ಎತ್ತಿದೆ.

ಬರೀ ಬೂದಿ ಬಣ್ಣ.

ಸಿಸ್ಟರ್ ಕೂಗಿಕೊಂಡರು. ಯಜಮಾನರು ಓಡಿ ಬಂದರು. ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡರು.

“ಏನು ನೋಡ್ಬೇಕು ಹೇಳು. ನಾವು ನೋಡ್ಕೊಂಡು ಬರ್ತೀವಿ.”

ಆ ಭಾನುವಾರ ಅಪ್ಪ ಮಗಳು ಇಬ್ಬರೇ ವಡಾಲಕ್ಕೆ ಹೋಗಿ ಬಂದರು.

“ಉದ್ದ ಕಾಲು ಕಣೇ, ಗುಲಾಬಿ. ರೆಕ್ಕೆ ಕಪ್ಪು,” ಎಂದರು ಯಜಮಾನರು.

“ಕೊಕ್ಕು ನೆಟ್ಟಗಿತ್ತಾ, ಬಗ್ಗಿತ್ತಾ?”

“ಕೊಕ್ಕು... ಇತ್ತಪ್ಪ.”

ಆಶಾ ಕಿಸಕ್ಕನೆ ನಕ್ಕಳು. “ಪಪ್ಪಾಗೆ ಕುಛ್ ನಹೀ ದಿಖ್ತಾ, ಏನೂ ಕಾಣಲ್ಲ! ಸೀದಾ ಇತ್ತು ಅಮ್ಮಾ. ಸೂಜಿ ಥರ. ಉಡ್ತಾ... ಹಾರ್ತಾ ಇರೋವಾಗ ಕಾಲು ಪೀಛೆ... ಹಿಂದೆ... ಏನಂತಾರೆ... ಜೋತಾಡ್ತಿತ್ತು.”

“ಮೆಟ್ಟುಗಾಲು ಹಕ್ಕಿ,” ಎಂದೆ.

ಮನೆಯಲ್ಲಿ ಕನ್ನಡವೆಂದರೆ ಜಾರಿಕೊಳ್ಳುತ್ತಿದ್ದ ಹುಡುಗಿ ನನಗಾಗಿ ಒಂದೊಂದೇ ಪದ ಹುಡುಕುತ್ತಿದ್ದಳು. ಅಷ್ಟು ಹೊತ್ತೂ ನನ್ನ ತಲೆ ಅಲುಗಿರಲಿಲ್ಲ. ಆಮೇಲೆ ಶಾಲೆ ಬಿಟ್ಟ ಸಂಜೆಗಳಲ್ಲೂ ಅವಳು ಅಪ್ಪನನ್ನು ಎಳೆದುಕೊಂಡು ಹೋದಳು. ನಾನು ಅವರಿಗಾಗಿ ಕಾಯುವುದನ್ನು ಕಲಿತೆ. ಪೂರ್ತಿ ಕಲಿತೆನೆಂದು ಹೇಳಲಾರೆ.

ಬ್ಯಾಂಡೇಜ್ ಬಿಚ್ಚಿದರು. ಬೆಳಕು ಬಂತು. ಬಾಗಿಲ ಚೌಕಟ್ಟು ಮಾತ್ರ ಬಲಗಣ್ಣಿಗೆ ಸೊಟ್ಟಗೆ ಕಾಣುತ್ತಿತ್ತು.

“ಇಷ್ಟು ಉಳಿದದ್ದೇ ದೊಡ್ಡದು,” ಎಂದರು ಡಾಕ್ಟರ್. ಎಡಗಣ್ಣಿನಲ್ಲೂ ತೆಳುವಾದ ಜಾಗವಿದೆಯಂತೆ. ಭಾರ ಎತ್ತಬಾರದು, ಚೆಕಪ್ ತಪ್ಪಿಸಬಾರದು. ಈಗಲೂ ಯಾರಾದರೂ ಹಾಕಿದ ಟ್ಯೂಬ್‌ಲೈಟ್ ಮಿಣುಕಿದರೆ, ಮತ್ತೆ ಆ ಮಿಂಚೇ ಎಂದು ಒಂದೊಂದೇ ಕಣ್ಣು ಮುಚ್ಚಿ ನೋಡುತ್ತೇನೆ.

ಮೊನ್ನೆ ವಡಾಲಕ್ಕೆ ಹೋಗಿದ್ದೆವು. ಚಳಿ ಮುಗಿಯುತ್ತ ಬಂದಿದೆ. ಎಷ್ಟೋ ಹಕ್ಕಿಗಳು ಹೊರಟುಹೋಗಿದ್ದವು. ಉಪ್ಪುನೀರಿನ ನಡುವಿನ ಕಟ್ಟೆಯ ಮೇಲೆ ನೆಲದ ಅಳತೆ ಸಿಗದೆ ಯಜಮಾನರ ತೋಳು ಹಿಡಿದು ನಡೆದೆ. ಮುಂದೆ ಹೋಗುತ್ತಿದ್ದ ಆಶಾ ಥಟ್ಟನೆ ಕೈ ಎತ್ತಿದಳು.

“ರುಕೋ ಅಮ್ಮಾ. ಹಕ್ಕಿ ತುಂಬಾ ಹತ್ರ ಇದೆ.”

ನಿಂತೆ. ಎಲ್ಲಿ ಎಂದು ಕೇಳಲಿಲ್ಲ. ಅವಳು ಹೇಳಲಿ ಎಂದು ಕಾದೆ.